ತಂಬೂರಿ ಹಿಡಿದವಳ ಸಾಕ್ಷಿ

ವಾಮನನೆಂಬ ಶಿಷ್ಯ ಕೇಳಿದ: "ಗುರುಗಳೇ, ಸ್ಪರ್ಧೆಯಲ್ಲಿ ಎಲ್ಲರೂ ಚೆನ್ನಾಗಿಯೇ ನುಡಿಸುತ್ತಾರೆ. ಆದರೂ ಒಬ್ಬನೇ ಎದ್ದು ಕಾಣುತ್ತಾನೆ. ಅದು ಯಾವುದರಿಂದ?"

"ಯಾರನ್ನು ನೆನೆದು ಕೇಳುತ್ತಿದ್ದೀಯ?"

"ಯಾರನ್ನೂ ಇಲ್ಲ."

"ಕೇಶವನನ್ನೂ ಇಲ್ಲವೇ?"

ವಾಮನ ತಲೆ ತಗ್ಗಿಸಿದ. ಅವನೂ ಕೇಶವನೂ ಒಂದೇ ವರ್ಷ ಕೊಳಲು ಹಿಡಿದವರು. ಹಿಂದಿನ ದಿನದ ಸ್ಪರ್ಧೆಯಲ್ಲಿ ಕೇಶವ ಗೆದ್ದಿದ್ದ.

"ಅವನಿಗಿಂತ ಹೆಚ್ಚು ಕೃತಿಗಳು ನನಗೆ ಬರುತ್ತವೆ," ಎಂದ ವಾಮನ. "ಅವನಲ್ಲಿ ಅಂಥದ್ದೇನಿದೆ ಎಂದು ಕೇಳಿದೆ, ಅಷ್ಟೇ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನ ಮಗಳೂ ಒಬ್ಬ ಅಕ್ಕಸಾಲಿಗನ ಮಗಳೂ ಇದ್ದರು. ಇಬ್ಬರೂ ಒಬ್ಬರೇ ಗುರುಗಳ ಬಳಿ ಹಾಡು ಕಲಿತರು. ಇಬ್ಬರದೂ ಒಂದೇ ಶ್ರುತಿ. ಪಾಠ ಮುಗಿದ ಮೇಲೆ ಕೈ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು.

ವೈದ್ಯನ ಮಗಳಿಗೆ ಪಾಠ ಬೇಗ ಬರುತ್ತಿತ್ತು. ಆದರೆ ಜನ ಅಕ್ಕಸಾಲಿಗನ ಮಗಳ ಹಾಡನ್ನು ನೆನೆಯುತ್ತಿದ್ದರು. ಯಾರಾದರೂ ಅವಳನ್ನು ಹೊಗಳಿದರೆ ವೈದ್ಯನ ಮಗಳು, "ಹೌದು, ಗಂಟಲು ಒಳ್ಳೆಯದು, ಪಾಪ," ಎನ್ನುತ್ತಿದ್ದಳು. ಒಂದು ಮದುವೆಯಲ್ಲಿ ಇಬ್ಬರೂ ಹಾಡಿದಾಗ ಇಬ್ಬರಿಗೂ ಕೊಬ್ಬರಿ ಗಿಟುಕು ಕೊಟ್ಟರು. ತನ್ನದು ಚಿಕ್ಕದೆಂದು ವೈದ್ಯನ ಮಗಳಿಗೆ ತೋರಿತು. ಮನೆಗೆ ತಂದು ಅದನ್ನು ತಿನ್ನದೆ ಇಟ್ಟಳು.

ಆ ಊರಿನ ಸಭೆಯಲ್ಲಿ ಒಮ್ಮೆ ಹಾಡಿನ ಸ್ಪರ್ಧೆ ಏರ್ಪಟ್ಟಿತು. ತೀರ್ಪು ಕೊಡಲು ಹೆಸರಾಂತ ವಿದುಷಿಯೊಬ್ಬರು ಬರುವವರಿದ್ದರು. ಗೆದ್ದವಳನ್ನು ಅವರು ತಮ್ಮ ಮನೆಗೆ ಕರೆದೊಯ್ದು ಪಾಠ ಹೇಳುವರೆಂದು ಗೊತ್ತಾಯಿತು. ಒಬ್ಬಳನ್ನು ಮಾತ್ರ. ಹಾಡು ಬಾಯಿಗೆ ಬಂದ ದಿನದಿಂದ ವೈದ್ಯನ ಮಗಳು ಬಯಸಿದ್ದು ಅದೊಂದನ್ನೇ.

ಸ್ಪರ್ಧೆ ಹತ್ತಿರ ಬಂದಾಗ ಅಕ್ಕಸಾಲಿಗನ ಮಗಳ ಗಂಟಲು ಕಟ್ಟಿತು. ವೈದ್ಯ ಕಷಾಯ ಮಾಡಿ ಮಗಳ ಕೈಯಲ್ಲಿ ಕಳಿಸಿದ. ದಾರಿಯಲ್ಲಿ ಅವಳು ಒಂದು ಮೋರಿಯ ಬಳಿ ಸ್ವಲ್ಪ ಹೊತ್ತು ನಿಂತಳು. ಚೆಲ್ಲುವ ಧೈರ್ಯ ಬರಲಿಲ್ಲ. ಒಯ್ದು ಕೊಟ್ಟಳು. ಗೆಳತಿಯ ಗಂಟಲು ಸರಿಹೋದ ದಿನ ಅಪ್ಪನೊಂದಿಗೆ ಮಾತು ಬಿಟ್ಟಳು.

ಆ ಸಭೆಗೆ ಒಂದು ರೂಢಿ ಇತ್ತು. ಹಾಡಿ ಮುಗಿಸಿದವರು ಮುಂದಿನವರ ಹಿಂದೆ ಕೂತು ತಂಬೂರಿ ಮೀಟಬೇಕು. ಆ ಹಾಡು ಮುಗಿದ ಮೇಲೆ ತೀರ್ಪುಗಾರರು ತಂಬೂರಿ ಹಿಡಿದವರನ್ನು ಒಂದು ಮಾತು ಕೇಳುತ್ತಾರೆ: ಶ್ರುತಿ ಸೇರಿತ್ತೇ? ತಂತಿಗೂ ಕಂಠಕ್ಕೂ ನಡುವೆ ಕೂತ ಕಿವಿ ಅದೊಂದೇ. ಅದಕ್ಕೇ ಆ ರೂಢಿ. ಅಲ್ಲಿಯವರೆಗೆ ಯಾರೂ ಇಲ್ಲವೆಂದದ್ದಿಲ್ಲ.

ಇಬ್ಬರಲ್ಲಿ ವೈದ್ಯನ ಮಗಳ ಸರದಿ ಮೊದಲು ಬಂತು. ಅವಳು ಹಾಡಿದಳು. ಅಕ್ಕಸಾಲಿಗನ ಮಗಳು ಎದುರಿಗೇ ಕೂತಿದ್ದಳು. ಅವಳ ಮುಖ ಬಾಡುತ್ತದೆಯೇ ಎಂದು ಇವಳು ಹಾಡುತ್ತಲೇ ನೋಡಿದಳು. ಬಾಡಲಿಲ್ಲ. ಅವಳು ತೊಡೆಯ ಮೇಲೆ ತಾಳ ಹಾಕುತ್ತ ತಲೆದೂಗುತ್ತಿದ್ದಳು. ಇವಳಿಗೆ ಸಿಟ್ಟು ಬಂತು. ಇನ್ನಷ್ಟು ಬಿರುಸಾಗಿ ಹಾಡಿದಳು. ಒಂದು ತಪ್ಪೂ ಇರಲಿಲ್ಲ. ವಿದುಷಿ, "ಚೆನ್ನಾಗಿತ್ತು," ಎಂದರು. ಅದಕ್ಕೆ ಮೊದಲು ಹಾಡಿದವರಿಗೂ ಅವರು ಅದನ್ನೇ ಹೇಳಿದ್ದರು.

ಮುಂದಿನ ಸರದಿ ಅಕ್ಕಸಾಲಿಗನ ಮಗಳದು. ವೈದ್ಯನ ಮಗಳು ತಂಬೂರಿ ಹಿಡಿದು ಅವಳ ಹಿಂದೆ ಕೂತಳು.

ಅಕ್ಕಸಾಲಿಗನ ಮಗಳು ತಿರುಗಿ ಪಿಸುಗುಟ್ಟಿದಳು: "ಇನ್ನೂ ಹತ್ತಿರ ಬಾರೇ. ಕೈಕಾಲು ನಡುಗ್ತಿದೆ."

"ನಡುಗೋರು ಯಾಕೆ ಬರಬೇಕಿತ್ತು?" ಎಂದಳು ವೈದ್ಯನ ಮಗಳು. ಅಕ್ಕಸಾಲಿಗನ ಮಗಳು ಅದನ್ನು ತಮಾಷೆಯೆಂದುಕೊಂಡು ನಕ್ಕಳು.

ಹಾಡು ಶುರುವಾಯಿತು. ವೈದ್ಯನ ಮಗಳು ತಪ್ಪಿಗಾಗಿ ಕಾದಳು. ತಪ್ಪು ಹುಡುಕುವವರು ಒಂದು ಸ್ವರವನ್ನೂ ಬಿಡುವಂತಿಲ್ಲ. ಅವಳು ಬಿಡಲಿಲ್ಲ. ಗೆಳತಿ ಉಸಿರು ಎಲ್ಲಿ ತೆಗೆದುಕೊಂಡಳು, ಎಲ್ಲಿ ತಡೆದಳು, ಎಲ್ಲವನ್ನೂ ಕೇಳಿದಳು. ಅನುಪಲ್ಲವಿಯಲ್ಲಿ ಹಾಡು ಮೇಲಿನ ಷಡ್ಜಕ್ಕೆ ಏರಿ ಅಲ್ಲಿ ನಿಲ್ಲಬೇಕು. ಅಲ್ಲಿ ಖಂಡಿತ ಜಾರುತ್ತಾಳೆಂದು ಕಾದಳು. ಕಂಠ ಅಲ್ಲಿಗೆ ಹೋಗಿ ತಂತಿಯ ನಾದದಲ್ಲಿ ಸೇರಿತು. ಯಾವುದು ತಂತಿ, ಯಾವುದು ಕಂಠ ಎಂದು ಇವಳಿಗೇ ತಿಳಿಯದಾಯಿತು. ಹಾಡು ಮುಗಿದಾಗ ಸಭೆಯಲ್ಲಿ ಯಾರೂ ಅಲುಗಲಿಲ್ಲ.

ವಿದುಷಿ ರೂಢಿಯಂತೆ ಕೇಳಿದರು: "ಶ್ರುತಿ ಸೇರಿತ್ತೇನಮ್ಮಾ?"

"ಒಂದು ಕಡೆ ಇಳಿಯಿತು," ಎಂದಳು ವೈದ್ಯನ ಮಗಳು.

ಸಭೆಯಲ್ಲಿ ಗುಜುಗುಜು ಎದ್ದಿತು. "ನಮಗೇನೂ ಕೇಳಿಸಲಿಲ್ಲವಲ್ಲ," ಎಂದ ಒಬ್ಬ. "ನಿನಗೆ ಊಟದ ಗಂಟೆ ಬಿಟ್ಟು ಇನ್ನೇನು ಕೇಳಿಸುತ್ತೆ?" ಎಂದ ಪಕ್ಕದವನು. "ಹಿಂದೆಯೇ ಕೂತವಳು ಹೇಳಿದ ಮೇಲೆ ಮುಗೀತು."

ಅಕ್ಕಸಾಲಿಗನ ಮಗಳ ಮುಖ ಬಿಳಿಚಿಕೊಂಡಿತು. ಗೆಳತಿಯ ಮಾತನ್ನು ಅವಳು ನಂಬಿದಳು. "ಎಲ್ಲೇ? ಎಲ್ಲಿ ಇಳೀತು?" ಎಂದಳು.

"ಅನುಪಲ್ಲವಿಯಲ್ಲಿ. ಮೇಲಿನ ಷಡ್ಜದಲ್ಲಿ."

"ಅವಳು ಹಾಡಿದ ಹಾಗೆಯೇ ಹಾಡಿ ತೋರಿಸು," ಎಂದರು ವಿದುಷಿ.

ವೈದ್ಯನ ಮಗಳು ಇದನ್ನು ಎಣಿಸಿರಲಿಲ್ಲ. ಆದರೂ ಅಳುಕಲಿಲ್ಲ. ಅಷ್ಟು ಹಾಡಿ, ಕೊನೆಯ ಸ್ವರವನ್ನು ಕೂದಲೆಳೆಯಷ್ಟು ಇಳಿಸಿದರಾಯಿತು. ತಂಬೂರಿ ಮೀಟುತ್ತ ಹಾಡತೊಡಗಿದಳು. ಗೆಳತಿ ಉಸಿರು ತೆಗೆದುಕೊಂಡಲ್ಲಿ ಉಸಿರು ತೆಗೆದುಕೊಂಡಳು. ತಡೆದಲ್ಲಿ ತಡೆದಳು. ಇಳಿಸಬೇಕಾದ ಜಾಗ ಬಂತು. ಗಂಟಲು ಇಳಿಯಲಿಲ್ಲ. ಕಿವಿ ಕೇಳಿದ್ದನ್ನೇ ಗಂಟಲು ಹಾಡಿತು. ಷಡ್ಜ ತಂತಿಯಲ್ಲಿ ಸೇರಿ ನಿಂತಿತು. ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ಆ ಊರು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಅಬ್ಬಾ, ಎಷ್ಟು ಚೆನ್ನಾಗಿ ಹಾಡಿದೆಯೇ!" ಎಂದಳು ಅಕ್ಕಸಾಲಿಗನ ಮಗಳು. ತನ್ನ ಮೇಲೆ ಬಂದ ಆರೋಪ ಅವಳಿಗೆ ಮರೆತೇಹೋಗಿತ್ತು.

"ಇದರಲ್ಲಿ ಇಳಿದದ್ದು ಎಲ್ಲಿ?" ಎಂದು ವಿದುಷಿ ಕೇಳಿದರು.

ವೈದ್ಯನ ಮಗಳು ತಂತಿಗಳ ಮೇಲೆ ಅಂಗೈ ಇಟ್ಟು ನಾದ ನಿಲ್ಲಿಸಿದಳು.

ವಿದುಷಿ ಅಕ್ಕಸಾಲಿಗನ ಮಗಳನ್ನು ಕರೆದುಕೊಂಡು ಹೋದರು. ಗಾಡಿ ಹತ್ತುವ ಮೊದಲು ವೈದ್ಯನ ಮಗಳ ಕಡೆ ನೋಡಿ, "ಈ ಹಾಡು ನಿನ್ನಲ್ಲಿತ್ತು. ನಿನ್ನ ಸರದಿಯಲ್ಲಿ ಇದಕ್ಕಾಗಿ ಕಾದೆ," ಎಂದರು.

ಗುರುಗಳು ಕತೆ ನಿಲ್ಲಿಸಿದರು. ವಾಮನ ಸ್ವಲ್ಪ ಯೋಚಿಸಿ, "ಸುಳ್ಳು ಹೇಳಬಾರದು ಎಂದು ಇದರ ಅರ್ಥವೇ?" ಎಂದ.

"ಅದನ್ನು ನಿಮ್ಮಮ್ಮನೇ ಹೇಳಿಕೊಟ್ಟಿರುತ್ತಾರೆ. ಅದಕ್ಕೆ ನಾನು ಬೇಕಿಲ್ಲ."

ವಾಮನ ಮತ್ತೆ ಯೋಚಿಸಿದ. "ಅಷ್ಟು ಚೆನ್ನಾಗಿ ಹಾಡಬಲ್ಲವಳು ತನ್ನ ಸರದಿ ಬಂದಾಗ ಯಾಕೆ ಹಾಗೆ ಹಾಡಲಿಲ್ಲ, ಗುರುಗಳೇ?"

ಗುರುಗಳು ಕೇಳಿದರು: "ನಿನ್ನೆ ನೀನು ನುಡಿಸುತ್ತಿದ್ದಾಗ, ವಾಮನಾ, ನಿನ್ನ ಕೊಳಲು ನಿನಗೆ ಕೇಳಿಸಿತೇ?"

"ಕೇಶವನ ಮುಖ ನೋಡುತ್ತಿದ್ದೆ," ಎಂದ ವಾಮನ.