ಬಿಳಿಗಿರಯ್ಯನ ದಾರದ ಇನ್ನೊಂದು ತುದಿ

ಒಂದಾನೊಂದು ಊರಿನಲ್ಲಿ, ಹೇಳಿದರೆ ಉಂಟು ಹೇಳದಿದ್ದರೆ ಇಲ್ಲ ಎನ್ನುವಂಥ ಊರಿನಲ್ಲಿ, ಕಟ್ಟದೆ ಬಿಟ್ಟ ವಸ್ತು ಒಂದೂ ಇರಲಿಲ್ಲ. ಅಲ್ಲಿಯ ರಾಜನ ಕಿರೀಟ ಒಮ್ಮೆ ಗಾಳಿಗೆ ಹಾರಿಹೋಗಿತ್ತು. ಅಂದಿನಿಂದ ರಾಜನಿಗೆ ಗಂಟಿನದೇ ಯೋಚನೆ. ಕಿರೀಟವನ್ನು ತಲೆಗೆ ಕಟ್ಟಿಸಿಕೊಂಡ. ತಲೆಯನ್ನು ಸಿಂಹಾಸನಕ್ಕೆ ಕಟ್ಟಿಸಿಕೊಂಡ. ಆಮೇಲೆ ಊರನ್ನು ಕಟ್ಟಿಸಲು ಹೊರಟ.

ಮಂಚವನ್ನು ಕಂಬಕ್ಕೆ ಕಟ್ಟಬೇಕು. ಸೌಟನ್ನು ಮಂಚಕ್ಕೆ ಕಟ್ಟಬೇಕು. ಬೆಕ್ಕನ್ನು ಸೌಟಿಗೆ ಕಟ್ಟಬೇಕು. ಬೆಕ್ಕು ಒಪ್ಪದಿದ್ದರೆ ಸೌಟನ್ನೇ ಬೆಕ್ಕಿಗೆ ಕಟ್ಟಬೇಕು. ಇನ್ನು ಮನುಷ್ಯರು. ಒಂದು ಮನೆಯವರ ಸೊಂಟಕ್ಕೆಲ್ಲ ಒಂದೇ ದಾರ. ಸಂತೆಯ ದಿನ ಊರಿನ ದಾರಗಳೆಲ್ಲ ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಜನ ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಸಿಕ್ಕು ಬಿಡಿಸುತ್ತಿದ್ದರು. ಆ ಊರಿನಲ್ಲಿ ಮಾತುಕತೆ ಎಂದರೆ ಅದೇ. ಹೆಣ್ಣು ನೋಡುವುದು, ಜಗಳ, ರಾಜಿ, ಎಲ್ಲವೂ ಸಿಕ್ಕು ಬಿಡಿಸುತ್ತಲೇ.

ಅಲ್ಲಿ ಕೊಡೆ ರಿಪೇರಿ ಮಾಡುವ ಬಿಳಿಗಿರಯ್ಯ ಎಂಬವನಿದ್ದ. ಅವನ ದಾರದ ಇನ್ನೊಂದು ತುದಿ ಹೆಂಡತಿ ಚಿಕ್ಕತಾಯಿಯ ಸೊಂಟದಲ್ಲಿತ್ತು. ಅವಳು ತೀರಿಕೊಂಡು ಮೂರು ವರ್ಷ. ದಾರವನ್ನು ಉಂಡೆ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಹಾಗಾಗಿ ಸಂತೆಯಲ್ಲಿ ಅವನ ದಾರ ಯಾರದಕ್ಕೂ ತೊಡರುತ್ತಿರಲಿಲ್ಲ. ಹೋಗುತ್ತಿದ್ದ, ಕೊಡೆಯ ಕಡ್ಡಿ ಕೊಳ್ಳುತ್ತಿದ್ದ, ಬರುತ್ತಿದ್ದ. ಬೇಗ ಬಂದುಬಿಡುತ್ತಿದ್ದ.

ಒಂದು ಸೋಮವಾರ ಗಂಟು ನೋಡುವ ದೇವೀರಪ್ಪ ಬಂದ. ಅವನನ್ನು ಅವನ ಮೇಲಧಿಕಾರಿಗೆ ಕಟ್ಟಿದ್ದರು. ಮೇಲಧಿಕಾರಿ ಎರಡು ಬೀದಿ ಆಚೆ ನಿಂತು ಆಕಳಿಸುತ್ತಿದ್ದ.

"ಬಿಳಿಗಿರಯ್ಯನೋರೇ, ನಿಮ್ಮ ಇನ್ನೊಂದು ತುದೀಲಿ ಯಾರು?"

"ಜೇಬು."

"ಜೇಬು ಮನುಷ್ಯ ಅಲ್ಲ."

"ಅಲ್ಲ."

"ಹಾಗಾದರೆ ಗುರುವಾರ ಮಧ್ಯಾಹ್ನದೊಳಗೆ ಕಾಗದ ಕೊಡಬೇಕು. ಇನ್ನೊಂದು ತುದೀಲಿ ಮನೆಯವರು ಯಾರು ಅಂತ. ಮನೇಲೇ ಪ್ರಿಂಟ್ ಆಗಿರಬೇಕು. ಕೈಬರಹ ನಡೆಯಲ್ಲ. ಕೈಬರಹದ ಅಕ್ಷರ ಕೈಗೆ ಕಟ್ಟಿರ್ತದೆ, ಕಾಗದಕ್ಕಲ್ಲ."

"ಕೊಡದಿದ್ದರೆ?"

"ಬಿಡಿ ಸಾಮಾನಿನ ಕೊಟ್ಟಿಗೆ."

ಆ ಕೊಟ್ಟಿಗೆ ಊರಾಚೆ ಇತ್ತು. ಮುಚ್ಚಳ ಕಳೆದುಕೊಂಡ ಡಬ್ಬಿ, ಡಬ್ಬಿ ಕಳೆದುಕೊಂಡ ಮುಚ್ಚಳ, ಒಂಟಿ ಚಪ್ಪಲಿ, ಇಂಥವನ್ನೆಲ್ಲ ಅಲ್ಲಿ ಹಾಕಿ ಬಾಗಿಲು ಜಡಿಯುತ್ತಿದ್ದರು. ಒಳಗೆ ಹೋದದ್ದು ಹೊರಗೆ ಬಂದದ್ದಿಲ್ಲ. ಬಿಳಿಗಿರಯ್ಯನಿಗೆ ಮನೆ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಚಿಕ್ಕತಾಯಿ ಒರಗಿ ಕೂರುತ್ತಿದ್ದ ಕಡೆ ಗೋಡೆಯ ಸುಣ್ಣ ಸವೆದಿತ್ತು. ಆ ಜಾಗವನ್ನು ಕೊಟ್ಟಿಗೆಗೆ ಕೊಂಡೊಯ್ಯಲು ಬರುವುದಿಲ್ಲ.

ಅವನು ಅಂಗಡಿಗೆ ಹೋಗಿ ಪ್ರಿಂಟರ್ ಕೇಳಿದ. ಅಂಗಡಿಯವನು ಒಳಗಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ತಂದು, ದನಿ ತಗ್ಗಿಸಿ ಹೇಳಿದ:

"ಇದೊಂದೇ ಉಳಿದಿರೋದು. ಪ್ರಿಂಟ್ ಮಾಡುತ್ತೆ, ಸ್ಕ್ಯಾನ್ ಮಾಡುತ್ತೆ, ಕಾಪಿ ತೆಗೆಯುತ್ತೆ. ಆದರೆ ವೈರ್‌ಲೆಸ್ಸು. ಯಾವುದಕ್ಕೂ ಕಟ್ಟಿಲ್ಲ. ಅದಕ್ಕೇ ಯಾರೂ ಮುಟ್ಟಲ್ಲ, ಓಡಿಹೋಗುತ್ತೆ ಅಂತಾರೆ."

"ಹಿಂದುಗಡೆ ಬಾಲ ಇದೆಯಲ್ಲ?"

"ಅದು ಕರೆಂಟಿಗೆ. ಊಟದ ಬಾಬ್ತು. ನೆಂಟಸ್ತನಕ್ಕೆ ಬರಲ್ಲ."

ಬಿಳಿಗಿರಯ್ಯ ಅದನ್ನು ಮನೆಗೆ ತಂದು, ಆ ಊರಿನವರು ಯಾರಾದರೂ ಮಾಡುವ ಕೆಲಸವನ್ನೇ ಮೊದಲು ಮಾಡಿದ. ಬಾಗಿಲ ಒಳಗಿನ ಕಂಬಕ್ಕೆ ಅದನ್ನು ಆನಿಸಿ, ಮುಚ್ಚಳ ಒಂದನ್ನು ಬಿಟ್ಟು, ಹನ್ನೆರಡು ಗಂಟು ಹಾಕಿ ಕಟ್ಟಿದ. ಆಮೇಲೆ ಇಂಕು ಹಾಕಿದ. ಕಾಗದ ಇಟ್ಟ. ನೀಲಿ ದೀಪ ಮಿನುಗತೊಡಗಿತು.

"ಹುಡುಕುತ್ತಿದ್ದೇನೆ," ಎಂದಿತು ಪ್ರಿಂಟರ್.

"ಯಾರನ್ನ?"

"ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ ಎಂದು."

"ನಾನಿದ್ದೀನಲ್ಲ."

"ಯಾರೂ ಸಿಗಲಿಲ್ಲ."

ಬಿಳಿಗಿರಯ್ಯ ಇನ್ನಷ್ಟು ಹತ್ತಿರ ಸರಿದು ಕೂತ.

"ಮತ್ತೊಮ್ಮೆ ಹುಡುಕಲೇ?"

"ಹುಡುಕು."

"ಯಾರೂ ಸಿಗಲಿಲ್ಲ."

"ನಿನ್ನ ಮುಂದೇನೇ ಕೂತಿದ್ದೀನಲ್ಲಪ್ಪ."

"ನಿಮ್ಮಲ್ಲಿ ದೀಪ ಮಿನುಗುತ್ತಿಲ್ಲ," ಎಂದಿತು ಪ್ರಿಂಟರ್. "ಅಟ್ಟದ ಮೇಲೆ ಒಬ್ಬರಿಗೆ ಮಿನುಗುತ್ತಿರುವ ಹಾಗಿದೆ."

ಅಟ್ಟದಲ್ಲಿ ವೈಫೈ ಪೆಟ್ಟಿಗೆ ಇತ್ತು. ಚಿಕ್ಕತಾಯಿ ಇದ್ದಾಗ ತೊಲೆಗೆ ಕಟ್ಟಿಸಿದ್ದಳು. ಅದರ ಗುಂಡಿಯನ್ನೂ ತನ್ನ ಗುಂಡಿಯನ್ನೂ ಒಂದೇ ಉಸಿರಿನಲ್ಲಿ ಒತ್ತಬೇಕು, ಆಗ ಪರಿಚಯವಾಗುತ್ತದೆ, ಪರಿಚಯವಾಗದೆ ತಾನು ಒಂದಕ್ಷರ ಪ್ರಿಂಟ್ ಮಾಡುವುದಿಲ್ಲ ಎಂದಿತು ಪ್ರಿಂಟರ್.

ಬಿಳಿಗಿರಯ್ಯ ಕೆಳಗೆ ಒತ್ತಿ ಏಣಿ ಹತ್ತಿದ. "ಹದಿನಾಲ್ಕು ಉಸಿರು ತಡ," ಎಂದಿತು ಪ್ರಿಂಟರ್. ಮೇಲೆ ಒತ್ತಿ ಏಣಿ ಇಳಿದ. "ಹನ್ನೊಂದು ಉಸಿರು ತಡ." ಇಳಿಯುವುದು ಲೇಸೆಂದು ಬರೀ ಇಳಿಯಲು ನೋಡಿದ. ಆದರೆ ಇಳಿಯಬೇಕಾದರೆ ಹತ್ತಲೇಬೇಕಿತ್ತು. ಮಂಗಳವಾರ ಹೀಗೇ ಕಳೆಯಿತು.

"ನನ್ನನ್ನೇ ಅಟ್ಟಕ್ಕೆ ಒಯ್ಯಿರಿ," ಎಂದಿತು ಪ್ರಿಂಟರ್ ಬುಧವಾರ. "ನನಗೆ ವೈರಿಲ್ಲ. ಎಲ್ಲಿ ಕೂರಿಸಿದರೂ ಕೂರುತ್ತೇನೆ."

"ಕಟ್ಟಿದ್ದಾಯ್ತಲ್ಲ. ಒಂದು ಹಗಲು ಕಳೆದ ಗಂಟು ರಾಜಂದು. ಬಿಚ್ಚೋ ಹಾಗಿಲ್ಲ."

ಏಣಿಯ ಸದ್ದು ಕೇಳಿ ಪಕ್ಕದ ಮನೆಯ ಮುನಿಯಕ್ಕ ಬಂದಳು. ಅವಳ ದಾರದಲ್ಲಿ ಇನ್ನೂ ಆರು ಜನರಿದ್ದರು. ದಾರ ಅವನ ಹೊಸಿಲಿಗೆ ಸರಿಯಾಗಿ ಮುಗಿಯಿತು. ಅವಳು ಅಲ್ಲೇ ನಿಂತಳು.

"ಏನ್ ಬಿಳಿಗಿರಣ್ಣ, ನಿನ್ನೆಯಿಂದ ಹತ್ತೋದು ಇಳಿಯೋದು. ಇಲಿ ಹಿಡೀತಿದ್ದೀಯೋ, ಇಲಿಗೆ ಮನೆ ತೋರಿಸ್ತಿದ್ದೀಯೋ?"

"ಎರಡು ಕಡೆ ಗುಂಡಿ ಒತ್ತಬೇಕು, ಮುನಿಯಕ್ಕ. ಇಬ್ಬರು ಬೇಕು."

"ಬರ್ತಿದ್ದೆ ಕಣಣ್ಣ. ದಾರ ಇಲ್ಲಿಗೇ ಮುಗೀತು. ಆ ಕಡೆ ನಮ್ಮತ್ತೆ ಗಟ್ಟಿಯಾಗಿ ಹಿಡ್ಕೊಂಡು ಕೂತವ್ರೆ."

"ಗೊತ್ತು."

"ಬೇರೆ ಏನಾದ್ರೂ ಬೇಕಾ?"

ಬಿಳಿಗಿರಯ್ಯ ಯೋಚಿಸಿದ. ಆ ಪ್ರಶ್ನೆಯನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು.

"ಏನೂ ಬೇಡ," ಎಂದ.

ಮುನಿಯಕ್ಕನ ದಾರ ಎರಡು ಸಲ ಜಗ್ಗಿತು. ಅವಳು ಹೊರಟುಹೋದಳು.

ಗುರುವಾರ ಬೆಳಿಗ್ಗೆ ಅವನು ಪ್ರಿಂಟರಿನ ಮುಂದೆ ಸುಮ್ಮನೆ ಕೂತಿದ್ದ. ಪ್ರಿಂಟರಿಗೂ ಬೇಸರವಾಗಿತ್ತು.

"ಕಾಪಿಗೆ ಪರಿಚಯ ಬೇಕಿಲ್ಲ," ಎಂದಿತು. "ಗಾಜಿನ ಮೇಲೆ ಏನಾದರೂ ಇಡಿ. ಹೊತ್ತಾದರೂ ಹೋಗುತ್ತದೆ."

ಇಡಲು ಏನೂ ತೋಚದೆ ಅವನು ಕೈ ಇಟ್ಟ. ಬೆಳಕು ಅಂಗೈಯ ಕೆಳಗೆ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಹೋಯಿತು. ಅದು ದಾಟುವವರೆಗೂ ಅವನು ಉಸಿರು ಬಿಡಲಿಲ್ಲ. ಕಾಗದ ಹೊರಬಂತು. ಕಾಗದದಲ್ಲಿ ಅವನ ಕೈ, ಕೊಡೆಯ ಕಡ್ಡಿ ಚುಚ್ಚಿದ ಗಾಯಗಳ ಸಮೇತ. ಅವನು ಕತ್ತರಿ ತಂದು ಅಂಚು ಕತ್ತರಿಸಿದ. ಕಿರುಬೆರಳು ಎತ್ತಿದ. ಕಾಗದದ ಕೈಯೂ ಕಿರುಬೆರಳು ಎತ್ತಿತು. ಮುಷ್ಟಿ ಹಿಡಿದ. ಅದೂ ಹಿಡಿಯಿತು.

"ಮೂಲ ಮಾಡಿದ್ದನ್ನು ಕಾಪಿ ಮಾಡಬೇಕಲ್ಲವೇ?" ಎಂದಿತು ಪ್ರಿಂಟರ್. "ಇಲ್ಲದಿದ್ದರೆ ಅದನ್ನು ಕಾಪಿ ಎನ್ನುವುದು ಯಾಕೆ?"

ಬಿಳಿಗಿರಯ್ಯ ಕಾಗದದ ಕೈಯನ್ನು ಪ್ರಿಂಟರಿನ ಗುಂಡಿಯ ಮೇಲಿಟ್ಟು ಅಟ್ಟ ಹತ್ತಿದ. ಮೇಲೆ ಅವನು ಒತ್ತಿದ. ಕೆಳಗೆ ಅದು ಒತ್ತಿತು. ಒಂದೇ ಉಸಿರು.

"ಬಹಳ ಸಂತೋಷ," ಎಂದಿತು ಪ್ರಿಂಟರ್. "ಸಂತೋಷ ನನ್ನದು," ಎಂದಿತು ವೈಫೈ ಪೆಟ್ಟಿಗೆ. ಎರಡೂ ಮಾತಿಗೆ ತೊಡಗಿದವು. ಬಿಳಿಗಿರಯ್ಯ ಏಣಿಯ ನಡುವೆ ನಿಂತು ಕೇಳಿದ. ಅವನಿಗೆ ಅರ್ಥವಾಗಲಿಲ್ಲ. ಅವು ಮುಗಿಸುವವರೆಗೆ ಕಾದ.

"ಈಗ ಹೇಳಿ," ಎಂದಿತು ಪ್ರಿಂಟರ್. "ಇನ್ನೊಂದು ತುದಿಯಲ್ಲಿ ಯಾರು?"

"ಚಿಕ್ಕತಾಯಿ ಅಂತ ಹಾಕು."

"ಹುಡುಕುತ್ತಿದ್ದೇನೆ."

ಬಹಳ ಹೊತ್ತು ಹುಡುಕಿತು. ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಬಿಳಿಗಿರಯ್ಯ ಸಾಕು ಎನ್ನಲಿಲ್ಲ.

"ಸಿಗಲಿಲ್ಲ," ಎಂದಿತು ಕೊನೆಗೆ, ಮೆಲ್ಲಗೆ.

"ಸರಿ. ಕೈ ಅಂತ ಹಾಕು."

ಮಧ್ಯಾಹ್ನ ದೇವೀರಪ್ಪ ಬಂದು ಕಾಗದ ಓದಿದ. "ಯಾರ ಕೈ?"

"ಈ ಮನೇಲೇ ಹುಟ್ಟಿದ್ದು."

"ಇಲ್ಲಿ ಹುಟ್ಟಿದ ಮೇಲೆ ಮನೆಯವರೇ. ಆದರೆ ತುದೀಲಿ ಇದ್ದಾರೋ ಇಲ್ವೋ ನೋಡಬೇಕು. ಎಳೀರಿ."

ಕಾಗದದ ಕೈ ಒಳಕೋಣೆಯಲ್ಲಿ ದಾರದ ತುದಿ ಹಿಡಿದುಕೊಂಡಿತ್ತು. ಬಿಳಿಗಿರಯ್ಯ ಇತ್ತ ಎಳೆದ. ಅದು ಅತ್ತ ಎಳೆಯಿತು. ಮೂರು ವರ್ಷ ಉಂಡೆಯಾಗಿದ್ದ ದಾರ ನೆಟ್ಟಗೆ ನಿಂತಿತು. ದೇವೀರಪ್ಪ ಬೆರಳಲ್ಲಿ ಮೀಟಿದ. ದಾರ ಝುಂ ಎಂದಿತು.

"ಇದ್ದಾರೆ," ಎಂದು ಮುದ್ರೆ ಒತ್ತಿದ. "ಮುದ್ರೆ ಬಿದ್ದ ತುದೀನ ಇನ್ನು ಏಳು ವರ್ಷ ಬದಲಾಯಿಸೋ ಹಾಗಿಲ್ಲ."

ಅವನು ಹೋದ ಮೇಲೆ ಮುನಿಯಕ್ಕ ಹೊಸಿಲಿಗೆ ಬಂದಳು. ಬಿಳಿಗಿರಯ್ಯ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಅವಳು ಪ್ರಿಂಟರನ್ನು ನೋಡಿದಳು, ಹೊಸಿಲನ್ನು ನೋಡಿದಳು, ಕೈ ಚಾಚಿದಳು. ಅವಳ ಅಂಗೈ ಸುಲಭವಾಗಿ ಗಾಜನ್ನು ಮುಟ್ಟಿತು.

"ನೋಡು, ಎಟುಕ್ತದೆ. ನಿನ್ನೆ ಕೈ ಚಾಚಿದ್ರೆ ಗುಂಡೀನೂ ಎಟುಕ್ತಿತ್ತು. ಕಾಪಿಗೆ ನನ್ನ ಕೈ ಇಡ್ತಿದ್ನಲ್ಲಣ್ಣ. ನಾನಲ್ಲಿ ಮುದ್ದೆ ತಿರುವಿದಾಗ, ಹುಡುಗರಿಗೆ ಎರಡು ಬಿಟ್ಟಾಗ, ನಿನ್ನ ದಾರ ಇಲ್ಲಿ ಜಗ್ತಾ ಇರ್ತಿತ್ತು."

"ಹೊಳೀಲಿಲ್ಲ, ಮುನಿಯಕ್ಕ."

"ಏನಾದ್ರೂ ಬೇಕಾ ಅಂತ ಕೇಳಿದ್ದೆ."

"ಕೇಳಿದ್ದೆ."

ಹೀಗೆ ಬಿಳಿಗಿರಯ್ಯ ಮನೆಯಲ್ಲೇ ಉಳಿದ. ಈಗ ಅವನು ಎಲ್ಲರ ಹಾಗೆ ಕಟ್ಟಿಸಿಕೊಂಡವನು. ಮಧ್ಯಾಹ್ನ ಕೊಡೆಗಳನ್ನು ಬದಿಗೆ ಸರಿಸಿ, ಸವೆದ ಸುಣ್ಣಕ್ಕೆ ಬೆನ್ನು ಕೊಟ್ಟು, ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಾನೆ. ತಾನು ಎಳೆದರೆ ಅದೂ ಎಳೆಯುತ್ತದೆ, ಅದು ಅವನಿಗೆ ಗೊತ್ತು. ಹಾಗಾಗಿ ಎಳೆಯುವುದಿಲ್ಲ. ಆ ಕಡೆಯಿಂದ ಮೊದಲು ಎಳೆಯಲಿ ಎಂದು ಕಾಯುತ್ತಾನೆ. ಒಳಕೋಣೆಯಲ್ಲಿ ಆ ಕೈಯೂ ದಾರವನ್ನು ಬೆರಳಿಗೆ ಸುತ್ತಿಕೊಂಡು, ಅಲುಗಾಡದೆ, ಕಾಯುತ್ತದೆ.

ಕತೆಗೆ ಇಷ್ಟೇ ಉದ್ದ ಇದ್ದದ್ದು. ನೀತಿ ಬೇಕೇ ಬೇಕು ಎನ್ನುವವರು ಇದನ್ನು ಇಟ್ಟುಕೊಳ್ಳಿ: ಕಾಪಿ ತೆಗೆಯುವ ಮುಂಚೆ ಗಾಜನ್ನು ಚೆನ್ನಾಗಿ ಒರೆಸಿ, ಆಮೇಲೆ ಅದರ ಮೇಲೆ ಬೇರೆ ಯಾರದಾದರೂ ಕೈ ಇಡಿಸಿ.