ದೀಪ ಹಚ್ಚದ ಗುಡ್ಡ

ನೀರ್ಕೋಡಿನ ಹೊಳೆ ಕಡಲು ಸೇರುವ ಅಳಿವೆಯ ಬಡಗಣ ದಂಡೆಯಲ್ಲಿ ಒಂದು ಕಪ್ಪು ಗುಡ್ಡವಿದೆ. ನೆತ್ತಿಯ ಮೇಲೆ ಮೊಂಡು ಕಲ್ಲುಕಂಬ, ಅದರ ಬುಡದಲ್ಲಿ ಬೋರಲು ಬಿದ್ದ ದೊಡ್ಡ ಕಲ್ಲುಹಣತೆ. ಹೋದ ವರ್ಷ ಯಾರೋ ಉತ್ಸಾಹಿಗಳು ಅಲ್ಲಿ ವಿದ್ಯುದ್ದೀಪ ಹಾಕಿಸಲು ಬಂದಿದ್ದರು. ಊರ ಹೆಂಗಸರು ತಂತಿಯ ಸುರುಳಿಗಳನ್ನು ತಾವೇ ಹೊತ್ತು ಕೆಳಗಿಳಿಸಿ, ಅವರನ್ನು ಬಂದ ದಾರಿಗೇ ಕಳಿಸಿದರು. ಮೂಢನಂಬಿಕೆ ಎಂದು ಬಂದವರು ನಕ್ಕರಂತೆ. ನಗಲಿ, ಕಥೆ ಗೊತ್ತಿಲ್ಲದವರಿಗೆ ನಗು ಸುಲಭ.

ಹಿಂದೆ ಒಮ್ಮೆ, ಘಟ್ಟದ ಮೇಲಿನ ಅರಸರ ಸೇನೆಗೆ ಕುದುರೆಗಳು ಕಡಲ ಮೇಲೆ ಬರುತ್ತಿದ್ದ ಕಾಲದಲ್ಲಿ, ಈ ಹಣತೆ ಕಂಬದ ತುದಿಯಲ್ಲಿತ್ತು ಎನ್ನುತ್ತಾರೆ. ಅದನ್ನು ನೋಡಿಕೊಳ್ಳುತ್ತಿದ್ದವನು ಕೇಸಣ್ಣ. ದೀಪ ಉರಿಯುತ್ತಿದ್ದರೆ ಹಡಗು ಅಳಿವೆಯೊಳಗೆ ಬರಬಹುದು; ಇಲ್ಲದಿದ್ದರೆ ಎದುರಿನ ನಡುಗಡ್ಡೆಯ ಮರೆಯಲ್ಲಿ ಲಂಗರು ಹಾಕಿ ಕಾಯಬೇಕು. ಮಳೆಗಾಲ ಹಿಡಿದರೆ ಅಳಿವೆಯ ಬಾಯಲ್ಲಿ ಮರಳದಿಣ್ಣೆ ಎದ್ದು ದಾರಿ ಕಟ್ಟುತ್ತಿತ್ತು; ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವ ತನಕ ದೀಪ ಹಚ್ಚುವಂತಿರಲಿಲ್ಲ. ಕೇಸಣ್ಣನ ಒಬ್ಬಳೇ ಮಗಳು ಬಾಚಲೆ. ಅವಳನ್ನು ಮೆಚ್ಚಿ ಮದುವೆಯಾದವನು ಕಡಲಾಚೆಯ ಶಾಮ್ ದೇಶದ, ಅಂದರೆ ಸಿರಿಯಾದ, ಕುದುರೆ ವರ್ತಕ ಹಾತಿಮ್. ಊರು ಕೆಲವು ದಿನ ಮೂಗು ಮುರಿದು, ಆಮೇಲೆ ಅವನ ನಡತೆ ಕಂಡು ಸುಮ್ಮನಾಯಿತು. ಮರುವರ್ಷವೇ ಕೆಟ್ಟ ಸುದ್ದಿ ಬಂತು. ಜೆರುಸಲೇಮಿಗಾಗಿ ಶಿಲುಬೆ ಹೊತ್ತು ಪರಂಗಿಯರ ದಂಡು ಬಂದಿಳಿದಿದೆ, ಹಾತಿಮನ ತಾಯಿಯಿದ್ದ ಪಟ್ಟಣಕ್ಕೆ ಮುತ್ತಿಗೆ ಹಾಕಿದೆ. ಹೆತ್ತವಳನ್ನು ಕರೆತರುತ್ತೇನೆಂದು ಅವನು ಹೊರಟುಹೋದ.

ವರ್ಷಗಳು ಕಳೆದರೂ ಸುಳಿವಿರಲಿಲ್ಲ. ಕೊನೆಗೆ ಒಂದು ಬೇಸಗೆಯ ತುದಿಯಲ್ಲಿ ಬಂದ ಹಡಗಿನವರು, ಪಟ್ಟಣ ಬಿತ್ತು, ತಾಯಿ ಹಸಿವಿನಿಂದ ಸತ್ತಳು, ಹಾತಿಮ್ ಮಾತ್ರ ತಪ್ಪಿಸಿಕೊಂಡು ತಮ್ಮ ಬೆನ್ನಿಗೇ ಹೊರಟ ಇನ್ನೊಂದು ಹಡಗಿನಲ್ಲಿ ಬರುತ್ತಿದ್ದಾನೆ ಎಂದರು. ಬಾಚಲೆ ಕಡಲಿನಿಂದ ಕಣ್ಣು ಕೀಳಲಿಲ್ಲ. ಹಡಗಿಗಿಂತ ಮೊದಲು ಮಳೆ ಬಂತು, ಕೇಸಣ್ಣ ದೀಪ ಆರಿಸಿದ.

"ಅವ್ರು ಕತ್ತಲೆಯಲ್ಲಿ ಊರು ಕಾಣದೆ ದಾಟಿ ಹೋದ್ರೆ ಎಂತ ಮಾಡೂದು ಅಪ್ಪಯ್ಯ?" ಎಂದು ಅವಳು ಅತ್ತಳು.

"ಮಗಾ, ಈ ದೀಪ ನಿನ್ನ ಗಂಡಂಗಲ್ಲ, ಅಳಿವೆಗೆ. ಅಳಿವೆ ದಾರಿ ಬಿಟ್ರೆ ಹಚ್ಚೂದು, ಇಲ್ದಿದ್ರೆ ಇಲ್ಲ" ಎಂದ ತಂದೆ.

ಆದರೆ ಅವನು ಜ್ವರ ಬಂದು ಮಲಗಿದ. ದಿನವೆಲ್ಲ ಗಾಳಿ ಹುಯ್ದ ಒಂದು ಮುಸ್ಸಂಜೆ, ದೂರದಲ್ಲಿ ಹಾಯಿ ಕಂಡಂತಾಯಿತು. ಬಾಚಲೆ ಹೊನ್ನೆ ಎಣ್ಣೆಯ ಗಡಿಗೆ ಹೊತ್ತು ಗುಡ್ಡ ಹತ್ತಿದಳು. ಮಳೆಗೆ ಹೊದೆಯುವ ಓಲೆಯ ಗೊರಬನ್ನು ಹಣತೆಗೆ ಮರೆಮಾಡಿ, ತಾನು ತೊಪ್ಪೆಯಾಗಿ ನೆನೆಯುತ್ತ, ದೀಪ ಹಚ್ಚಿದಳು. ನಡುಗಡ್ಡೆಯತ್ತ ತಿರುಗಿದ್ದ ಹಡಗು ಮೆಲ್ಲಗೆ ಊರಿನ ಕಡೆ ಮುಖ ಮಾಡಿತು. ಅವಳು ಆನಂದದಿಂದ ಕೂಗಿದಳಂತೆ. ಅವಳ ಕಣ್ಣೆದುರೇ ಅದು ಅಳಿವೆಯ ಮರಳದಿಣ್ಣೆಗೆ ಬಡಿದು ಹೋಳಾಯಿತು.

ಜೀವಂತವಾಗಿ ದಡ ಸೇರಿದವನು ಒಬ್ಬ ನಾವಿಕ ಮಾತ್ರ. ದೀಪ ಹಚ್ಚಿದವಳು ಅವಳೇ ಎಂದು ತಿಳಿಯದೆ ಅವನು ಬಾಚಲೆಗೆ ಹೇಳಿದ: "ಕಾಯುವ ಅಂತ ನಾವೆಲ್ಲ ಹೇಳಿದೆವಮ್ಮ. ಹಾತಿಮ್ ಕೇಳಲಿಲ್ಲ. 'ಆ ದೀಪ ನನ್ನ ಮಾವನದು, ಸುಳ್ಳು ಹೇಳುವುದಿಲ್ಲ, ಒಳಗೆ ನಡೆಸಿ' ಅಂದ."

ಪರಂಗಿಯರ ಕತ್ತಿಗೆ ಸಿಗದವನು ಹೆಂಡತಿ ಹಚ್ಚಿದ ದೀಪಕ್ಕೆ ಸಿಕ್ಕ. ಅವಳ ಪ್ರೀತಿಯಲ್ಲಿ ಕೊರತೆ ಹುಡುಕಿದರೂ ಸಿಗದು. ನನಗೆ ಸಂಕಟವಾಗುವುದು ಅದಕ್ಕೇ. ಬಾಚಲೆ ಗುಡ್ಡ ಹತ್ತಿ, ಹಣತೆಯನ್ನು ಕಂಬದಿಂದ ಕೆಡವಿ ಬೋರಲು ಹಾಕಿದಳು. ಸಾಯುವ ತನಕ ಅಲ್ಲೇ ಕೂತು, ಯಾರೂ ಬೆಂಕಿ ಹೊತ್ತಿಸದಂತೆ ಕಾದಳು. ಅಂದಿನಿಂದ ಇದು ದೀಪ ಹಚ್ಚದ ಗುಡ್ಡ.

ಇಂದು ಹೋದವರಿಗೂ ಆ ಹಣತೆ ಕಾಣುತ್ತದೆ. ಅದರ ಅಂಚಿನ ಒಂದು ಕಡೆ ಮಾತ್ರ ಹಳೆಯ ಮಸಿ ಉಳಿದಿದೆ. ಗುಡ್ಡದ ಕೆಳಗೆ ಮೀನುಗಾರರ ಕೇರಿ. ಮಳೆಗಾಲದಲ್ಲಿ ದೋಣಿ ತಡವಾದರೆ ಅಲ್ಲಿನ ಹೆಂಗಸರು ಕಡಲ ಕಡೆಯ ಬಾಗಿಲು ಮುಚ್ಚಿ, ಉರಿಯುವ ದೀಪವನ್ನೂ ಆರಿಸಿ, ಕತ್ತಲೆಯಲ್ಲೇ ಕೂತು ಗಂಡಂದಿರಿಗಾಗಿ ಕಾಯುತ್ತಾರೆ.