ನೆಲ ಮುಟ್ಟದ ಊಡು

ಕೃಷಿ ಪದವಿ ಪಡೆದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಹಾರ್ಮೋನು ಗಿಡದೊಳಗೇ ಹುಟ್ಟುವ ವಸ್ತು. ಎಣ್ಣೆಕಾಳಿನ ಇಳುವರಿ ಹೆಚ್ಚಲು ಅದನ್ನೇ ಒಂದಿಷ್ಟು ಹೊರಗಿನಿಂದ ಸಿಂಪಡಿಸಿರಿ ಎಂದು ರೈತರಿಗೆ ಹೇಳುತ್ತಿದ್ದೇನೆ. ನನ್ನ ಲೆಕ್ಕ ಸರಿಯಿದೆ. ಆದರೂ ಹೇಳಿ ಬಂದ ಮೇಲೆ ನಿದ್ದೆ ಹತ್ತುವುದಿಲ್ಲ. ಏಕೆ?"

ಗುರು ಹೇಳಿದರು:

ಒಬ್ಬ ರೈತ ಮನೆಯಲ್ಲಿದ್ದ ಬಿತ್ತನೆ ಶೇಂಗಾವನ್ನೆಲ್ಲ ಒಂದೇ ಹೊಲಕ್ಕೆ ಬಿತ್ತಿದ. ಮುಂದಿನ ವರ್ಷದ ಬೀಜವೂ ಅಲ್ಲಿಂದಲೇ ಬರಬೇಕಿತ್ತು. ಸಲಹೆಗಾರನೊಬ್ಬ ಬಂದು ಹಾರ್ಮೋನು ಕೊಟ್ಟ. ಸಿಂಪಡಿಸಿದ ಮೇಲೆ ಗಿಡಗಳು ಎತ್ತರಕ್ಕೆ ಎದ್ದವು. ದಾರಿಹೋಕರು ನಿಂತು ನೋಡಿದರು.

ಶೇಂಗಾದ ಹೂ ಮೇಲೆ ಅರಳುತ್ತದೆ. ಹೂ ಬಾಡಿದಲ್ಲಿ ಸೂಜಿಯಂಥ ಊಡು ಹೊರಟು ನೆಲಕ್ಕಿಳಿಯುತ್ತದೆ. ಮಣ್ಣು ಹೊಕ್ಕ ಊಡಿಗೆ ಮಾತ್ರ ಕಾಯಿ. ತುಳಿದರೆ ಊಡು ಮುರಿಯುತ್ತದೆಂದು, ಅದು ಇಳಿಯುವ ಕಾಲದಲ್ಲಿ ಹೊಲಕ್ಕೆ ಕಾಲಿಡಬಾರದೆಂಬುದು ಆ ಸೀಮೆಯ ಕಟ್ಟಳೆ.

ರೈತ ಬದುವಿನಿಂದ ಬಗ್ಗಿ ನೋಡಿದ. ಗಿಡ ಎತ್ತರವಾಗಿದ್ದರಿಂದ ಊಡುಗಳು ನಡುಗಾಳಿಯಲ್ಲಿ ನಿಂತಿದ್ದವು. ಮರುದಿನವೂ ನೋಡಿದ. ಅಲ್ಲಿಯೇ ಇದ್ದವು. ಅವನಿಗೆ ಊಟ ಸೇರದಾಯಿತು.

ಹೆಂಡತಿ ಅಂದಳು: "ಬುಡಕ್ಕೆ ಮಣ್ಣು ಏರಿಸೋಣ. ಊಡು ನೆಲಕ್ಕೆ ಬಾರದಿದ್ದರೆ ನೆಲವೇ ಮೇಲೆ ಹೋಗಲಿ."

"ಊಡಿನ ಕಾಲದಲ್ಲಿ ಹೊಲಕ್ಕಿಳಿಯುವುದುಂಟೇ? ಊರು ನಗುತ್ತದೆ."

"ನಗಲಿ. ಈ ಎಲೆಯನ್ನೇನು ಗಾಣಕ್ಕೆ ಹಾಕುತ್ತೀರಾ?"

ರೈತ ಸಲಹೆಗಾರನನ್ನು ಕರೆತಂದು, ಊಡು ನೆಲ ಮುಟ್ಟುತ್ತಿಲ್ಲ ಎಂದ. ಸಲಹೆಗಾರ ಬದುವಿನ ಮೇಲೆ ನಿಂತೇ ನಕ್ಕ: "ಇಂಥ ಬೆಳೆ ಇಟ್ಟುಕೊಂಡು ಅಳುವವರನ್ನು ಇವತ್ತೇ ಕಂಡೆ, ಯಜಮಾನರೇ. ಅಂಜಿಕೆಯಿದ್ದರೆ ಇನ್ನೊಂದು ಸಲ ಹೊಡೆಯಿರಿ."

ರೈತ ಬದುವಿನಿಂದಲೇ ಉದ್ದ ಕೊಳವೆ ಚಾಚಿ ಹೊಡೆದ. ಗಿಡ ಇನ್ನೂ ಎದ್ದಿತು. ಮಣ್ಣು ಏರಿಸುವ ಹೊತ್ತು ಮೀರಿತು.

ಕಿತ್ತಾಗ ಗಿಡದ ತುಂಬ ಒಣಗಿದ ಊಡುಗಳು ನೂಲಿನಂತೆ ಜೋತಾಡಿದವು. ಬುಡದಲ್ಲಿ ಸಿಕ್ಕ ಕಾಯೆಲ್ಲ ಹೆಂಡತಿಯ ಸೆರಗಿನಲ್ಲೇ ಹಿಡಿಸಿತು. ಮರುವರ್ಷ ಆ ಹೊಲಕ್ಕೆ ಬಿತ್ತಲು ಬೀಜವಿರಲಿಲ್ಲ.

ಗುರು ನಿಲ್ಲಿಸಿದರು.

ಶಿಷ್ಯ ತಡೆಯದೆ ಅಂದ: "ಇದರಲ್ಲಿ ಹಾರ್ಮೋನಿನ ದೋಷವಿಲ್ಲ, ಗುರುಗಳೇ. ಅದು ಬೇರೆ ಬೆಳೆಗೆ ಹೊಂದುವ ಮದ್ದು, ಪ್ರಮಾಣವೂ ಮೀರಿತ್ತು. ನಾನು ಹಾಗೆ ಕೊಡುವವನಲ್ಲ."

ಗುರು ಕೇಳಿದರು: "ಒಪ್ಪಿದೆ. ನೀನು ಸಲಹೆ ಕೊಟ್ಟ ಹೊಲಗಳಲ್ಲಿ ಯಾವುದರೊಳಗೆ ಮಂಡಿಯೂರಿ ನೋಡಿ ಬಂದೆ?"